ತೋಟದ ದಾರಿಗೊಂದು ಕಾರು, ಟ್ರ್ಯಾಕಿಗೊಂದು ಕಾರು: ಕೊಡಗಿನಲ್ಲಿ ಕೂತು ನಾವು ನಿರ್ಧರಿಸಿದ ಬಗೆ

ಗೋಣಿಕೊಪ್ಪ ಕಡೆಯಿಂದ ಹೊರಟರೆ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಸುಮಾರು 300 ಕಿ.ಮೀ. ಚೆನ್ನೈ ಪಕ್ಕದ ಇರುಂಗಾಟ್ಟುಕೋಟ್ಟೈನಲ್ಲಿರುವ ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್ ಸುಮಾರು 550 ಕಿ.ಮೀ. ಮೊದಲನೆಯದು 2.1 ಕಿ.ಮೀ. ಉದ್ದದ ಗಿಡ್ಡ ಟ್ರ್ಯಾಕು, ಎರಡನೆಯದು 12 ತಿರುವುಗಳ 3.717 ಕಿ.ಮೀ. ರಸ್ತೆಗೂ ಟ್ರ್ಯಾಕಿಗೂ ಒಂದೇ ಸ್ಪೋರ್ಟ್ಸ್ ಕಾರು ಸಾಕೇ, ಟ್ರ್ಯಾಕಿಗೆಂದೇ ಬೇರೆ ಕಾರು ಬೇಕೇ ಎಂಬ ಪ್ರಶ್ನೆಯನ್ನು ನಾವಿಬ್ಬರು ಒಂದೂವರೆ ವರ್ಷ ಹಿಡಿದುಕೊಂಡು ಕೂತೆವು. ಶುರುವಿನಲ್ಲಿ ಹಾರ್ಸ್‌ಪವರ್ ಲೆಕ್ಕ ಹಾಕಿದೆವು. ಕೊನೆಗೆ ತೀರ್ಮಾನ ಮಾಡಿದ್ದು ಈ ದೂರ ಮತ್ತು ನಮ್ಮ ಮಳೆ.

ಗದ್ದೆ ಕೊಯ್ಲಾದ ಮೇಲೆ ಅದೇ ಗದ್ದೆಯಲ್ಲಿ ಆಟೊಕ್ರಾಸ್ ನಡೆಯುವ ಊರು ನಮ್ಮದು. ಜಿಪ್ಸಿ ಎಂಜಿನ್ ಬಿಚ್ಚಿ ಜೋಡಿಸಬಲ್ಲ ಮೆಕ್ಯಾನಿಕ್ ಪ್ರತಿ ಪೇಟೆಯಲ್ಲೂ ಸಿಗುತ್ತಾರೆ. ಆದರೆ ಮಣ್ಣಿನ ಓಟದಲ್ಲಿ ಸೋಲುವುದು ಶಾಕ್ ಅಬ್ಸಾರ್ಬರ್, ಬುಷ್, ರಿಮ್ಮು. ಟಾರಿನ ಟ್ರ್ಯಾಕಿನಲ್ಲಿ ಸೋಲುವುದು ಬ್ರೇಕು, ಟಯರು, ಎಂಜಿನ್ ಆಯಿಲ್. ಗದ್ದೆಯಲ್ಲಿ ಕಲಿತದ್ದನ್ನು ನೇರವಾಗಿ ಟ್ರ್ಯಾಕಿಗೆ ಒಯ್ದರೆ ಲೆಕ್ಕ ತಪ್ಪುತ್ತದೆ.

ಮೊದಲು ಮಾಡಿದ್ದು ಅಳತೆ. ಹೊಸದೇನನ್ನೂ ಕೊಳ್ಳದೆ, ಮನೆಯಲ್ಲಿದ್ದ 1.5 ಲೀಟರ್ ಟರ್ಬೊ, 150 ಪಿಎಸ್‌ನ ಮ್ಯಾನ್ಯುಯಲ್ ಸೆಡಾನನ್ನೇ ಕೊಯಮತ್ತೂರಿಗೆ ಒಯ್ದು ಒಂದು ಪೂರ್ತಿ ದಿನ ಓಡಿಸಿದೆವು. 20 ನಿಮಿಷದ ನಾಲ್ಕು ಸೆಷನ್, ಒಟ್ಟು 120 ಕಿ.ಮೀ. ಸುತ್ತ. ಹೋಗುವ ಮುಂಚೆ ಮತ್ತು ಬಂದ ಮೇಲೆ ಬರೆದಿಟ್ಟುಕೊಂಡದ್ದು: ಮುಂದಿನ ಪ್ಯಾಡಿನ ದಪ್ಪ, ಪ್ರತಿ ಟಯರಿನ ಒಳಗೆ, ನಡುವೆ, ಹೊರಗೆ ಮೂರು ಕಡೆಯ ಗ್ರೂವ್ ಆಳ, ಆಯಿಲ್ ಮಟ್ಟ, ಕೂಲೆಂಟ್ ಮಟ್ಟ. ಸ್ವಂತ ಕಾರಿನಲ್ಲಿ ಟ್ರ್ಯಾಕಿಗೆ ಹೋಗುವ ಯಾರಾದರೂ ಈ ಒಂದು ದಿನದ ಅಳತೆ ಇಲ್ಲದೆ ಮುಂದಿನ ಖರ್ಚಿಗೆ ಕೈ ಹಾಕಬಾರದು. ನಮಗೆ ಬಂದ ಫಲಿತಾಂಶ: ಮುಂದಿನ ಪ್ಯಾಡು 11 ಎಂಎಂ ಇದ್ದದ್ದು 8ಕ್ಕೆ ಇಳಿದಿತ್ತು. ಪೆಟ್ರೋಲು ಲೀಟರಿಗೆ 5 ಕಿ.ಮೀ. ಟಯರಿನ ನಡುಭಾಗ ಹಾಗೇ ಇತ್ತು, ಮುಂದಿನ ಎರಡೂ ಟಯರುಗಳ ಹೊರ ಅಂಚು ಮಾತ್ರ ಕೆರೆದುಹೋಗಿತ್ತು.

ಬ್ರೇಕಿನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಎರಡನೇ ಸೆಷನ್‌ನ ಆರನೇ ಸುತ್ತಿನಲ್ಲಿ ಪೆಡಲ್ ಮೆತ್ತಗಾಯಿತು. ಏಳನೇ ಸುತ್ತಿನಲ್ಲಿ ಅರ್ಧಕ್ಕಿಂತ ಕೆಳಗೆ ಹೋಗಿ ಹಿಡಿಯಿತು. ಪಿಟ್ಟಿಗೆ ಬಂದು ಅರ್ಧ ಗಂಟೆ ನಿಲ್ಲಿಸಿದ ಮೇಲೆ ಬಹುಮಟ್ಟಿಗೆ ಮೊದಲಿನಂತಾಯಿತು. ಬ್ರೇಕ್ ಸೋತಾಗ ಕಾಣುವ ಎರಡು ಗುರುತುಗಳನ್ನು ಬೇರೆ ಬೇರೆ ಇಟ್ಟುಕೊಳ್ಳಬೇಕು. ಪೆಡಲ್ ಕಲ್ಲಿನಂತೆ ಗಟ್ಟಿಯಿದ್ದೂ ಕಾರು ನಿಲ್ಲುತ್ತಿಲ್ಲ ಎಂದರೆ ಪ್ಯಾಡು ಸೋತಿದೆ. ಪೆಡಲ್ ಮೆತ್ತಗಾಗಿ ಕೆಳಗೆ ಹೋಗುತ್ತಿದೆ ಎಂದರೆ ಬ್ರೇಕ್ ಆಯಿಲ್ ಕುದಿದು ಲೈನಿನೊಳಗೆ ಆವಿ ತುಂಬಿದೆ. ನಮ್ಮದು ಎರಡನೆಯದು, ಮತ್ತು ತಪ್ಪು ಪೂರ್ತಿ ನಮ್ಮದೇ: ಆ ಆಯಿಲ್ ಎರಡು ಮಳೆಗಾಲ ಕಂಡಿತ್ತು.

ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಡಾಟ್ 4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು ಎಂಬುದು ನಿಯಮ. ಅದೇ ಆಯಿಲ್ ಶೇಕಡಾ 3.7ರಷ್ಟು ನೀರು ಹೀರಿದ ಮೇಲೆ ಇರಬೇಕಾದ ಕನಿಷ್ಠ ಮಟ್ಟ 155 ಡಿಗ್ರಿ ಮಾತ್ರ. ಜೂನ್‌ನಿಂದ ಸೆಪ್ಟೆಂಬರ್ ತನಕ ಬಟ್ಟೆಯೇ ಒಣಗದ ನಮ್ಮ ಕಡೆ ಆ ನೀರು ಬಯಲುಸೀಮೆಗಿಂತ ಬೇಗ ಸೇರುತ್ತದೆ. ಇನ್ನು ಶಾಖದ ಲೆಕ್ಕ. ಚಾಲಕನೂ ಸೇರಿ 1,300 ಕೆಜಿ ತೂಗುವ ಕಾರನ್ನು ಗಂಟೆಗೆ 150 ಕಿ.ಮೀ.ಯಿಂದ 70ಕ್ಕೆ ಇಳಿಸುವಾಗ ಸುಮಾರು 880 ಕಿಲೋಜೂಲ್ ಶಕ್ತಿ ಬಹುಪಾಲು ಡಿಸ್ಕು, ಪ್ಯಾಡುಗಳಿಗೇ ಹೋಗುತ್ತದೆ. ಎರಡೂವರೆ ಲೀಟರ್ ತಣ್ಣೀರನ್ನು ಕುದಿಸಲು ಇಷ್ಟು ಶಾಖ ಸಾಕು. ಇದು ಒಂದು ಸಲ ಬ್ರೇಕ್ ತುಳಿದದ್ದಕ್ಕೆ. ಪ್ರತಿ ಸುತ್ತಿನಲ್ಲೂ ಇಂಥದ್ದು ಹಲವು ಸಲ.

ಮನೆಗೆ ಬಂದು ಏರ್ ತೆಗೆಯುವಾಗ ನಿಪ್ಪಲ್‌ಗೆ ಪಾರದರ್ಶಕ ಪೈಪು ಸಿಕ್ಕಿಸಿ ಬಾಟಲಿಗೆ ಬಿಟ್ಟೆವು. ಮೊದಲು ಬಂದದ್ದು ಕಾಫಿ ಡಿಕಾಕ್ಷನ್ ಬಣ್ಣದ ಆಯಿಲ್, ಅದರ ಹಿಂದೆ ಸಾಬೂನಿನ ನೊರೆಯಂತೆ ಸಣ್ಣ ಗುಳ್ಳೆಗಳ ಸಾಲು. ಪೆಡಲ್ ತುಳಿಯಲು ಕೂತಿದ್ದ ಮೆಕ್ಯಾನಿಕ್ ಇಣುಕಿ ನೋಡಿ, "ಅಣ್ಣಾ, ಇದರಲ್ಲಿ ಬೆಟ್ಟ ಇಳಿಸಿಕೊಂಡು ಬಂದ್ರಲ್ಲ!" ಎಂದರು. ನಾವು ಅವತ್ತು ದಿಂಬಂ ಘಾಟಿಯ 27 ಹೇರ್‌ಪಿನ್ ತಿರುವು ಹತ್ತಿ ಬಂದಿದ್ದೆವು, ಇಳಿದಿರಲಿಲ್ಲ. ಕರಿಕೆ ಕಡೆಗೋ ಸಂಪಾಜೆ ಕಡೆಗೋ ಇಳಿಯುವ ದಾರಿಯಾಗಿದ್ದರೆ ಮಾತು ಬೇರೆಯೇ ಇತ್ತು. ಟ್ರ್ಯಾಕಿನಲ್ಲಿ ಒಮ್ಮೆ ಕುದಿದ ಆಯಿಲನ್ನು ಬದಲಿಸದೆ ಘಟ್ಟ ಇಳಿಯಬಾರದು. ಈಗ ನಾವು ಬಳಸುವುದು ಹೊಸದಿದ್ದಾಗ 312 ಡಿಗ್ರಿ, ತೇವವಾದಾಗ 205 ಡಿಗ್ರಿ ಕುದಿಬಿಂದುವಿನ ಮೋಟುಲ್ ಆರ್‌ಬಿಎಫ್ 600. ಅರ್ಧ ಲೀಟರಿನ ಡಬ್ಬಿಯಲ್ಲಿ ಬರುತ್ತದೆ, ಇಡೀ ಲೈನ್ ತೊಳೆಯಲು ಎರಡು ಡಬ್ಬಿ ಬೇಕು. ಸೀಲ್ ಒಡೆದು ಉಳಿದದ್ದನ್ನು ಮುಂದಿನ ಸಲಕ್ಕೆ ಎತ್ತಿಡಬಾರದು.

ಆಯಿಲ್ ಸರಿಹೋದರೆ ಉಳಿದದ್ದು ಮೂರು: ಪ್ಯಾಡು, ಟಯರು, ಅಲೈನ್‌ಮೆಂಟು. ಮೂರಕ್ಕೂ ಟ್ರ್ಯಾಕಿನ ಮದ್ದು ಇದೆ, ಆದರೆ ಮೂರೂ ಕೊಡಗಿನ ರಸ್ತೆಗೆ ಒಗ್ಗುವುದಿಲ್ಲ.

ರೇಸ್ ಪ್ಯಾಡು ಕಾದ ಮೇಲೆ ಕಚ್ಚುತ್ತದೆ, ತಣ್ಣಗಿದ್ದಾಗ ಜಾರುತ್ತದೆ. ಡಿಸೆಂಬರ್ ಬೆಳಿಗ್ಗೆ ಚಳಿಯಲ್ಲಿ ಗೇಟಿನಿಂದ ಹೊರಟ ಕೂಡಲೇ ಇಳಿಜಾರು ಸಿಗುವ ಮನೆಗಳು ನಮ್ಮಲ್ಲಿ ಎಷ್ಟೋ. ಆ ಮೊದಲ ತಿರುವಿನಲ್ಲಿ ಪ್ಯಾಡು ಕಾದಿರುವುದಿಲ್ಲ. ಜೊತೆಗೆ ಕಿರುಚುತ್ತದೆ, ತಣ್ಣಗಿದ್ದಾಗ ಡಿಸ್ಕನ್ನೂ ಹೆಚ್ಚು ತಿನ್ನುತ್ತದೆ. ನಡುವಿನ ದರ್ಜೆಯ ಪ್ಯಾಡುಗಳು ಸಿಗುತ್ತವೆ, ಅವು 10-12 ನಿಮಿಷದ ಸೆಷನ್‌ಗೆ ಸಾಕು, 20 ನಿಮಿಷಕ್ಕೆ ಸಾಲವು.

ಟಯರಿನ ಮಾತೂ ಹಾಗೇ. ಬದಿಯಲ್ಲಿ ಟ್ರೆಡ್‌ವೇರ್ (ಸವಕಳಿ ತಡೆಯುವ ಅಂಕ) 200 ಎಂದು ಅಚ್ಚಾಗಿರುವ ಸೆಮಿ ಸ್ಲಿಕ್ ಟಯರು ಒಣ ಟ್ರ್ಯಾಕಿನಲ್ಲಿ ಬಲವಾಗಿ ಹಿಡಿಯುತ್ತದೆ. ಅದರ ಗ್ರೂವು ಕಡಿಮೆ, ಆಳವೂ ಕಡಿಮೆ. ಆಟಿ (ಜುಲೈ-ಆಗಸ್ಟ್) ತಿಂಗಳ ಮಳೆಯಲ್ಲಿ ಮಡಿಕೇರಿಯಿಂದ ವಿರಾಜಪೇಟೆ ಕಡೆಗೆ ಬರುವಾಗ ರಸ್ತೆಯ ಮೇಲೆ ಹರಿಯುವ ನೀರನ್ನು ಪಕ್ಕಕ್ಕೆ ತಳ್ಳಲು ಅದಕ್ಕೆ ಆಗುವುದಿಲ್ಲ, ಕಾರು ನೀರಿನ ಮೇಲೆ ತೇಲುತ್ತದೆ. ಸಿಲ್ವರ್ ಓಕ್ ನೆರಳಿನ ಒಳರಸ್ತೆಗಳಲ್ಲಿ ಟಾರಿನ ಮೇಲೆ ಪಾಚಿ ಕಟ್ಟಿರುತ್ತದೆ, ಅದರ ಮೇಲೆ ಯಾವ ಟಯರೂ ಸಾಲದು, ಇದಂತೂ ಬೇಡವೇ ಬೇಡ.

ಹೊರ ಅಂಚು ಕೆರೆಯುವುದಕ್ಕೆ ಕಾರಣ ಕ್ಯಾಂಬರ್, ಅಂದರೆ ಚಕ್ರದ ಮೇಲ್ತುದಿ ಒಳಕ್ಕೆ ವಾಲಿರುವ ಕೋನ, ಸಾಲದಿರುವುದು. ಟಯರಿನ ಅಂಚಿನಿಂದ ಬದಿಗೋಡೆಯ ತನಕ ಸೀಮೆಸುಣ್ಣದಲ್ಲಿ ಗೆರೆ ಎಳೆದು ನಾಲ್ಕು ಸುತ್ತು ಓಡಿಸಿ ಬಂದರೆ ಟಯರು ಎಲ್ಲಿಯವರೆಗೆ ಮಗುಚಿದೆ ಎಂದು ಅಳಿಸಿದ ಗೆರೆಯೇ ತೋರಿಸುತ್ತದೆ. ನಮ್ಮದು ಬದಿಗೋಡೆಯ ಮೇಲಿನ ತ್ರಿಕೋನ ಗುರುತನ್ನೂ ದಾಟಿತ್ತು. ರಸ್ತೆ ಕಾರಿನ ಮುಂದಿನ ಕ್ಯಾಂಬರ್ ಸಾಮಾನ್ಯವಾಗಿ ಮೈನಸ್ ಅರ್ಧದಿಂದ ಒಂದು ಡಿಗ್ರಿ. ಟ್ರ್ಯಾಕಿಗೆ ಮೈನಸ್ ಎರಡೂವರೆಯಿಂದ ಮೂರು ಬೇಕು. ಅಷ್ಟು ಕ್ಯಾಂಬರ್ ಇಟ್ಟರೆ ಹೆದ್ದಾರಿಯಲ್ಲಿ ಒಳ ಅಂಚು ಸವೆಯುತ್ತದೆ ಎನ್ನುತ್ತಾರೆ. ಅರ್ಧ ಸತ್ಯ. ಟಯರನ್ನು ನಿಜವಾಗಿ ತಿನ್ನುವುದು ಟೋ ಔಟ್, ಅಂದರೆ ಎರಡು ಚಕ್ರಗಳ ಮುಂಭಾಗ ಹೊರಕ್ಕೆ ತಿರುಗಿರುವುದು. ಕ್ಯಾಂಬರ್ ಹೆಚ್ಚಿಸಿ ಟೋ ಸೊನ್ನೆಗೆ ತಂದರೆ ಸವಕಳಿ ಬಹಳ ಕಡಿಮೆಯಾಗುತ್ತದೆ. ಆದರೆ ಕ್ಯಾಂಬರ್ ಜೊತೆ ಬರುವ ಗಿಡ್ಡ ಸ್ಪ್ರಿಂಗು ನಮಗೆ ಆಗದು. 25 ಎಂಎಂ ಇಳಿಸಿದ ಕಾರು ತೋಟದ ದಾರಿಯಲ್ಲಿ ಜೀಪು ಕೊರೆದ ಎರಡು ಜಾಡಿನ ನಡುವಿನ ದಿಣ್ಣೆಗೆ ಆಯಿಲ್ ಚೇಂಬರ್ ಉಜ್ಜಿಕೊಂಡೇ ಬರಬೇಕಾಗುತ್ತದೆ. ಕೆಳಗೆ ಕಬ್ಬಿಣದ ಗಾರ್ಡ್ ಹಾಕಿದರೆ ಟ್ರ್ಯಾಕಿನಲ್ಲಿ ಎಂಜಿನ್ ಆಯಿಲಿಗೆ ಗಾಳಿ ತಾಗುವುದಿಲ್ಲ.

ಒಂದೇ ಕಾರಿನಲ್ಲಿ ಎರಡೂ ಎನ್ನುವವರು ಕೊನೆಗೆ ರೋಲ್ ಕೇಜ್ (ಪಲ್ಟಿಯಾದಾಗ ಕಾಯಲು ಕಾರಿನೊಳಗೆ ಕಟ್ಟುವ ಉಕ್ಕಿನ ಪೈಪಿನ ಪಂಜರ) ಮತ್ತು ಹಾರ್ನೆಸ್ ಬೆಲ್ಟಿನ (ಭುಜ, ಸೊಂಟ ಬಿಗಿಯುವ ಹಲವು ಪಟ್ಟಿಯ ರೇಸ್ ಬೆಲ್ಟು) ಯೋಚನೆಗೆ ಬರುತ್ತಾರೆ. ಇದು ಅಪಾಯ, ಬಿಡಿಸಿಯೇ ಹೇಳಬೇಕು. ಕೇಜ್ ಇರುವ ಕಾರಿನಲ್ಲಿ ಹೆಲ್ಮೆಟ್ ಇಲ್ಲದೆ ಪೇಟೆಗೆ ಹೋದರೆ ಸಣ್ಣ ಡಿಕ್ಕಿಯಲ್ಲೂ ತಲೆ ಹೋಗಿ ಹೊಡೆಯುವುದು ಉಕ್ಕಿನ ಪೈಪಿಗೆ. ಕಂಪನಿ ಸೀಟಿಗೆ ನಾಲ್ಕು ಪಟ್ಟಿಯ ಹಾರ್ನೆಸ್ ಕಟ್ಟಿದರೆ ಕಾಲುಗಳ ನಡುವಿನ ಪಟ್ಟಿ ಇಲ್ಲದ ಕಾರಣ ಮೈ ಕೆಳಕ್ಕೆ ಜಾರಿ ಸೊಂಟದ ಪಟ್ಟಿ ಹೊಟ್ಟೆಗೆ ಏರುತ್ತದೆ. ಕೇಜ್ ಇಲ್ಲದೆ ಹಾರ್ನೆಸ್ ಮಾತ್ರ ಇದ್ದು ಕಾರು ಪಲ್ಟಿಯಾದರೆ ತಗ್ಗಿದ ಛಾವಣಿಯ ಕೆಳಗೆ ಮೈ ನೆಟ್ಟಗೇ ಕಟ್ಟಿಹಾಕಿದಂತೆ ಇರುತ್ತದೆ. ಕಂಪನಿಯ ಮೂರು ಬಿಂದುವಿನ ಬೆಲ್ಟು, ಏರ್‌ಬ್ಯಾಗು, ಕಂಪನಿ ಸೀಟು ಒಂದು ಜೊತೆ. ಕೇಜು, ಬಕೆಟ್ ಸೀಟು, ಆರು ಪಟ್ಟಿಯ ಹಾರ್ನೆಸ್ಸು, ಹೆಲ್ಮೆಟ್ಟು, ಡಿಕ್ಕಿಯಲ್ಲಿ ತಲೆ ಮುಂದಕ್ಕೆ ಎಗರದಂತೆ ಹಿಡಿಯುವ ಕುತ್ತಿಗೆಯ ಹ್ಯಾನ್ಸ್ ಇನ್ನೊಂದು ಜೊತೆ. ಅರ್ಧ ಇದು, ಅರ್ಧ ಅದು ಮಾಡಬಾರದು.

ಕಾನೂನೂ ಇದೇ ಕಡೆ ನಿಲ್ಲುತ್ತದೆ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ ತಯಾರಕರು ನಿಗದಿ ಮಾಡಿದ ಮೂಲ ವಿವರಗಳಿಂದ ವಾಹನವನ್ನು ಬದಲಿಸುವಂತಿಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿದಿದೆ. ಸಾರ್ವಜನಿಕ ರಸ್ತೆಯಲ್ಲಿ ವೇಗದ ಸ್ಪರ್ಧೆ 189ನೇ ಕಲಂ ಕೆಳಗೆ ಅಪರಾಧ, ಮೊದಲ ಸಲಕ್ಕೇ ಮೂರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಖಾಸಗಿ ಕಾರಿನ ವಿಮಾ ಪಾಲಿಸಿಯ ಬಳಕೆಯ ಮಿತಿಗಳಲ್ಲಿ ರೇಸು, ವೇಗ ಪರೀಕ್ಷೆ ಹೊರಗಿಟ್ಟಿರುತ್ತದೆ. ಪಾಲಿಸಿಯ ಆ ಪುಟವನ್ನು ತೆಗೆದು ಓದಿ. ಟ್ರ್ಯಾಕಿನ ಗೋಡೆಗೆ ಮುತ್ತಿಟ್ಟ ಕಾರಿನ ಖರ್ಚು ನಿಮ್ಮದೇ.

ಇಲ್ಲಿಗೆ ಬಂದ ಮೇಲೂ ದೊಡ್ಡ ಕಾರಿನ ಆಸೆ ಬಿಡಲಿಲ್ಲ. ಸೆಡಾನ್ ಕೊಟ್ಟು ಸೆಕೆಂಡ್ ಹ್ಯಾಂಡ್ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ 245 ತರುವ ಯೋಚನೆ ಬಹಳ ದಿನ ಇತ್ತು. 2 ಲೀಟರ್ ಟರ್ಬೊ, 245 ಪಿಎಸ್, 370 ಎನ್‌ಎಂ. ಮೈಸೂರು ಹೆದ್ದಾರಿಯಲ್ಲಿ ಅದಕ್ಕಿಂತ ಒಳ್ಳೆಯ ಕಾರು ಆ ದುಡ್ಡಿಗೆ ಸಿಗುವುದಿಲ್ಲ ಎಂಬುದು ಈಗಲೂ ನಮ್ಮ ಅಭಿಪ್ರಾಯ. ಕೈಬಿಟ್ಟದ್ದು ಎರಡು ಕಾರಣಕ್ಕೆ. ತೂಕ ಮತ್ತು ವೇಗ ಹೆಚ್ಚಿದಷ್ಟೂ ಮೇಲೆ ಹೇಳಿದ ಶಾಖದ ಲೆಕ್ಕ ಮೇಲೇರುತ್ತದೆ, ವೇಗದ್ದಂತೂ ವರ್ಗದ ಲೆಕ್ಕದಲ್ಲಿ: ಎರಡು ಪಟ್ಟು ವೇಗಕ್ಕೆ ನಾಲ್ಕು ಪಟ್ಟು ಶಾಖ. 18 ಇಂಚಿನ ಟಯರು, ದೊಡ್ಡ ಡಿಸ್ಕು, ಎಲ್ಲ ಪ್ರತಿ ಟ್ರ್ಯಾಕ್ ದಿನಕ್ಕೂ ಸವೆಯುವ ವಸ್ತು. ಎರಡನೆಯದು ಒಂದು ಪ್ರಶ್ನೆ: ಈ ಕಾರು ಟ್ರ್ಯಾಕಿನಲ್ಲಿ ನುಜ್ಜಾದರೆ ಅಲ್ಲೇ ಬಿಟ್ಟು ರಾತ್ರಿ ಬಸ್ಸಿನಲ್ಲಿ ಮನೆಗೆ ಬಂದು ನಿದ್ದೆ ಮಾಡಬಲ್ಲೆವೇ? ಆಗದು ಎಂದರೆ ಆ ಕಾರಿನಲ್ಲಿ ಬ್ರೇಕನ್ನು ತಡವಾಗಿ ತುಳಿಯುವ ಧೈರ್ಯವೂ ಬರುವುದಿಲ್ಲ, ಕಲಿಯುವುದೂ ಇಲ್ಲ.

ಟ್ರ್ಯಾಕಿಗೆ ವರ್ಷಕ್ಕೆ ಮೂರು ದಿನಕ್ಕಿಂತ ಕಡಿಮೆ ಹೋಗುವವರಿಗೆ ದೊಡ್ಡ ಕಾರೂ ಬೇಡ, ಬೇರೆ ಟ್ರ್ಯಾಕ್ ಕಾರೂ ಬೇಡ. ಟ್ರ್ಯಾಕಿನ ತರಬೇತಿ ಶಾಲೆಗಳಲ್ಲಿ ಫಾರ್ಮುಲಾ ಕಾರಿನಲ್ಲಿ ಕೂರಿಸಿ ಕಲಿಸುತ್ತಾರೆ. ಎಸ್. ಕರಿವರ್ಧನ್ ಅವರು 1980ರ ದಶಕದಲ್ಲಿ ಮಾರುತಿ 800 ಎಂಜಿನ್ ಇಟ್ಟು ಕಟ್ಟಿದ ಒಂಟಿ ಸೀಟಿನ ಕಾರಿನಿಂದ ಬೆಳೆದ ಪರಂಪರೆ ಅದು. ಕೊಯಮತ್ತೂರಿನ ಟ್ರ್ಯಾಕಿಗೆ ಅವರದೇ ಹೆಸರು. ಬಾಡಿಗೆ ಕೊಟ್ಟು ಓಡಿಸಿ, ಹೆಲ್ಮೆಟ್ ಬ್ಯಾಗು ಹಿಡಿದು ಮನೆಗೆ ಬನ್ನಿ. ನಮ್ಮ ಲೆಕ್ಕ ವರ್ಷಕ್ಕೆ ಆರು ದಿನ, ಹಾಗಾಗಿ ಸ್ವಂತ ಟ್ರ್ಯಾಕ್ ಕಾರಿಗೆ ಇಳಿದೆವು.

ಆರಿಸಿದ್ದು ಮಾರುತಿ ಎಸ್ಟೀಮ್. 1298 ಸಿಸಿ, 85 ಬಿಎಚ್‌ಪಿ, ಸುಮಾರು 875 ಕೆಜಿ. ಹಳೆ ಕಾರಾದರೂ ಅದರ ಎಂಜಿನ್ನು ಜಿಪ್ಸಿಯ ಜಿ13 ಕುಟುಂಬದ್ದೇ. ಪಿಸ್ಟನ್, ರಿಂಗು, ಬೇರಿಂಗಿನ ಗುಣ ಬಲ್ಲ ಕೈಗಳು ಊರಿನಲ್ಲೇ ಇವೆ. ಜಿಪ್ಸಿಯಲ್ಲಿ ಎಂಜಿನ್ ಉದ್ದಕ್ಕೆ ಕೂತಿದೆ, ಎಸ್ಟೀಮಿನಲ್ಲಿ ಅಡ್ಡಕ್ಕೆ, ಆದ್ದರಿಂದ ಮೌಂಟು, ಗೇರ್‌ಬಾಕ್ಸು ಹೊಂದುವುದಿಲ್ಲ, ಅದನ್ನು ಬೇರೆಯೇ ಹುಡುಕಬೇಕು. ಶಾಖದ ಲೆಕ್ಕ ಹಾಕಿ ನೋಡಿ: ಚಾಲಕ ಸೇರಿ 950 ಕೆಜಿ, ಗಂಟೆಗೆ 130ರಿಂದ 70ಕ್ಕೆ ಇಳಿಸಿದರೆ 440 ಕಿಲೋಜೂಲ್ ಆಸುಪಾಸು. ಸೆಡಾನಿನ ಸುಮಾರು ಅರ್ಧ. ಟಯರು, ಪ್ಯಾಡು, ಆಯಿಲ್ ಎಲ್ಲಕ್ಕೂ ಈ ಅರ್ಧ ಲಾಭವಾಗಿ ಬರುತ್ತದೆ.

ಹಳೆ ಕಾರು ನೋಡುವಾಗ ಎಂಜಿನ್ನಿಗಿಂತ ಮೊದಲು ತುಕ್ಕು ನೋಡಬೇಕು. ಎಂಜಿನ್ ಬದಲಿಸಬಹುದು, ಬಾಡಿ ಬದಲಿಸಲಾಗದು. ಕರಾವಳಿಯ ಕಾರು ಉಪ್ಪುಗಾಳಿಯಲ್ಲಿ, ನಮ್ಮ ಕಡೆಯದು ಮಳೆಯಲ್ಲಿ ತಿಂದುಹೋಗಿರುತ್ತದೆ. ಚಿತ್ರದುರ್ಗ, ಬಳ್ಳಾರಿ ಕಡೆ ಓಡಿದ್ದು ಸಿಕ್ಕರೆ ಒಳ್ಳೆಯದು. ಆಯಸ್ಕಾಂತ ಒಂದು, ಸ್ಕ್ರೂಡ್ರೈವರ್ ಒಂದು ಕೈಯಲ್ಲಿರಲಿ. ಮುಂದಿನ ಸ್ಟ್ರಟ್ ಕೂರುವ ಗುಬಟು, ಬಾಗಿಲ ಕೆಳಗಿನ ಸಿಲ್, ಹಿಂದಿನ ಸೀಟಿನ ಅಡಿ, ಜ್ಯಾಕ್ ಕೊಡುವ ಜಾಗ, ಈ ನಾಲ್ಕರಲ್ಲಿ ಆಯಸ್ಕಾಂತ ಅಂಟದಿದ್ದರೆ ಒಳಗೆ ಪುಟ್ಟಿ ತುಂಬಿದ್ದಾರೆ. ಆಮೇಲೆ ಕಂಪ್ರೆಷನ್ ನೋಡಿ: ನಾಲ್ಕೂ ಸಿಲಿಂಡರಿನ ಅಳತೆ ಒಂದಕ್ಕೊಂದು ಶೇಕಡಾ 10ಕ್ಕಿಂತ ಹೆಚ್ಚು ಏರುಪೇರು ಇರಬಾರದು.

ದುಡ್ಡು ಹಾಕಿದ ಕ್ರಮ: ಸುರಕ್ಷತೆ, ಬ್ರೇಕು, ಕೂಲಿಂಗು, ಟಯರು, ಸಸ್ಪೆನ್ಷನ್. ಎಂಜಿನ್ ಪವರ್ ಎಲ್ಲಕ್ಕಿಂತ ಕೊನೆಗೆ. ಹಲವರು ಇದನ್ನು ತಲೆಕೆಳಗು ಮಾಡಿ ಏರ್ ಫಿಲ್ಟರು, ಸೈಲೆನ್ಸರಿನಿಂದ ಶುರು ಮಾಡುತ್ತಾರೆ, ಆಮೇಲೆ ಹೆಲ್ಮೆಟ್ಟಿಗೆ ದುಡ್ಡು ಉಳಿಯುವುದಿಲ್ಲ.

ಕೇಜಿನಲ್ಲಿ ಒಂದು ದೊಡ್ಡ ತಪ್ಪು ನಡೆಯಿತು. ಅಂತರರಾಷ್ಟ್ರೀಯ ಮೋಟಾರ್ ಕ್ರೀಡಾ ಸಂಸ್ಥೆ ಎಫ್‌ಐಎ ನಿಯಮದಂತೆ ಮುಖ್ಯ ಕಮಾನಿಗೆ 45 ಎಂಎಂ ಹೊರವ್ಯಾಸ, 2.5 ಎಂಎಂ ದಪ್ಪದ ಅಥವಾ 50 ಎಂಎಂ, 2 ಎಂಎಂ ದಪ್ಪದ ಬೆಸುಗೆಯಿಲ್ಲದ ಕೋಲ್ಡ್ ಡ್ರಾನ್ ಪೈಪು ಬೇಕು. ಉಳಿದವಕ್ಕೆ 38 ಎಂಎಂ, 2.5 ದಪ್ಪ. ಕೇಜ್ ಕಟ್ಟಿಸಲು ಕೊಟ್ಟ ವರ್ಕ್‌ಶಾಪಿನವರು ಗೇಟು, ಕಿಟಕಿಗೆ ಬಳಸುವ ಬೆಸುಗೆ ಪೈಪು ಹಾಕಿ, ಬಣ್ಣ ಹೊಡೆದು ಕೊಟ್ಟರು. ಹೊರಗಿನಿಂದ ವ್ಯತ್ಯಾಸ ಕಾಣುವುದಿಲ್ಲ. ಕೆಳಗಡೆ ಕಾಣದ ಜಾಗದಲ್ಲಿ 5 ಎಂಎಂ ತೂತು ಕೊರೆದು ವರ್ನಿಯರ್‌ನಲ್ಲಿ ಅಳೆದಾಗ ದಪ್ಪ 1.6 ಎಂಎಂ. ಮಿಕ್ಕ ತುಂಡಿನೊಳಗೆ ಬೆರಳು ಆಡಿಸಿದರೆ ಬೆಸುಗೆಯ ಏಣು ಉದ್ದಕ್ಕೂ ಸಿಕ್ಕಿತು. ಕಾಲುಗಳೂ ಬರೀ ನೆಲದ ತಗಡಿಗೆ ಬೆಸೆದಿದ್ದವು. ಪಲ್ಟಿಯಾದರೆ ಅಂಥ ಕಾಲು ತಗಡನ್ನು ಹರಿದು ಕೆಳಗೆ ಇಳಿಯುತ್ತದೆ. ಮುಖ್ಯ ಕಮಾನಿನ ಕಾಲಿನಡಿ 120 ಚದರ ಸೆಂ.ಮೀ.ಗೆ ಕಡಿಮೆಯಿಲ್ಲದ, 3 ಎಂಎಂ ದಪ್ಪದ ಪ್ಲೇಟು ಇರಬೇಕು. ಪೂರ್ತಿ ಕಿತ್ತು ಬೇರೆ ಕಡೆ ಹೊಸದಾಗಿ ಮಾಡಿಸಿದೆವು. ಪೈಪು ತರುವಾಗಲೇ ಬಿಲ್ಲು, ಟೆಸ್ಟ್ ಸರ್ಟಿಫಿಕೇಟು ಕೇಳಿ. ಬಣ್ಣ ಹೊಡೆಯುವ ಮುಂಚೆ ಒಮ್ಮೆ ಹೋಗಿ ನೋಡಿ.

ಸೀಟು, ಹಾರ್ನೆಸ್ಸು, ಹೆಲ್ಮೆಟ್ಟುಗಳಿಗೆ ಎಫ್‌ಐಎ ಲೇಬಲ್ ಇರಬೇಕು, ದಿನಾಂಕ ನೋಡಬೇಕು. 8855-1999 ಲೇಬಲಿನ ಸೀಟಿಗೆ ಆಯಸ್ಸು ಐದು ವರ್ಷ. ಹಾರ್ನೆಸ್ಸಿನ ಭುಜದ ಪಟ್ಟಿ ಹಿಂದಕ್ಕೆ ಹೋಗುವಾಗ 10 ಡಿಗ್ರಿಗಿಂತ ಹೆಚ್ಚು ಕೆಳಗೆ ಇಳಿಯದಂತೆ ಕೇಜಿನ ಅಡ್ಡಪೈಪಿಗೆ ಕಟ್ಟಬೇಕು. ನೆಲಕ್ಕೆ ಕಟ್ಟಿದರೆ ಡಿಕ್ಕಿಯಲ್ಲಿ ಬೆನ್ನುಮೂಳೆಯನ್ನು ಕೆಳಕ್ಕೆ ಒತ್ತುತ್ತದೆ. ಬೆಂಕಿ ಆರಿಸುವ ಸಿಲಿಂಡರು ಕೂತಲ್ಲಿಂದಲೇ ಕೈಗೆ ಸಿಗಬೇಕು.

ಕೂಲಿಂಗ್ ವಿಷಯದಲ್ಲಿ ಒಂದು ಮಾತು. ಥರ್ಮೋಸ್ಟ್ಯಾಟ್ ಕಿತ್ತು ಬಿಸಾಡಿ ಎಂಬ ಸಲಹೆ ಯಾವ ಗ್ಯಾರೇಜಿಗೆ ಹೋದರೂ ಸಿಗುತ್ತದೆ. ಕೀಳಬೇಡಿ. ಕಿತ್ತರೆ ಎಂಜಿನ್ ಬೇಗ ಕಾಯುವುದಿಲ್ಲ, ಪೆಟ್ರೋಲು ಹೆಚ್ಚು ಸುರಿಯುತ್ತದೆ, ಆಯಿಲ್ ತೆಳುವಾಗುತ್ತದೆ. ಬದಲಿಸಬೇಕಾದ್ದು ರೇಡಿಯೇಟರ್ ಕೋರು ಮತ್ತು ಮುಚ್ಚಳ. 0.9 ಬಾರ್ ಒತ್ತಡ ಹಿಡಿಯುವ ಮುಚ್ಚಳ ಸರಿಯಿದ್ದರೆ ಬರೀ ನೀರೂ 118 ಡಿಗ್ರಿ ತನಕ ಕುದಿಯುವುದಿಲ್ಲ. ಮುಚ್ಚಳದ ರಬ್ಬರು ಗಟ್ಟಿಯಾಗಿದ್ದರೆ 100ಕ್ಕೇ ಕುದಿಯುತ್ತದೆ. ಇಡೀ ಕಾರಿನಲ್ಲಿ ಇಷ್ಟು ಅಗ್ಗದ, ಇಷ್ಟು ಮುಖ್ಯವಾದ ಸಾಮಾನು ಇನ್ನೊಂದಿಲ್ಲ. ಉದ್ದನೆಯ ತಿರುವಿನಲ್ಲಿ ಎಂಜಿನ್ ಆಯಿಲ್ ಒಂದೇ ಬದಿಗೆ ಸರಿದು ಪಂಪಿಗೆ ಗಾಳಿ ಸಿಗುವುದನ್ನು ತಡೆಯಲು ಚೇಂಬರಿನೊಳಗೆ ಅಡ್ಡತಗಡು ಬೆಸೆಸಿದೆವು, ಪ್ರತಿ ಸೆಷನ್ ಮುಂಚೆ ಡಿಪ್‌ಸ್ಟಿಕ್ ಮೇಲಿನ ಗೆರೆಯಲ್ಲೇ ಇಡುತ್ತೇವೆ.

ಕಾರು ಸಿದ್ಧವಾಯಿತು, ತೋಟದ ಶೆಡ್ಡಿನಲ್ಲಿ ನಿಲ್ಲಿಸಿದೆವು. ಎಲ್ಲ ಲೆಕ್ಕ ಬುಡಮೇಲಾದದ್ದು ಅಲ್ಲಿ. ಒಂದು ಮಳೆಗಾಲ ಕಳೆದು ಅಕ್ಟೋಬರಿನಲ್ಲಿ ಮುಚ್ಚಿಗೆ ತೆಗೆದಾಗ ಹಾರ್ನೆಸ್ ಪಟ್ಟಿಯ ಮೇಲೆ ಬೂದಿ ಬಣ್ಣದ ಬೂಸಲು, ಡಿಸ್ಕಿನ ಮೇಲೆ ಕೆಂಪು ತುಕ್ಕು, ಹಿಂದಿನ ಡ್ರಮ್ಮಿಗೆ ಲೈನಿಂಗ್ ಅಂಟಿ ಚಕ್ರ ತಿರುಗುತ್ತಿರಲಿಲ್ಲ. ಕ್ಲಚ್ ಪ್ಲೇಟು ಫ್ಲೈವ್ಹೀಲಿಗೆ ಅಂಟಿಕೊಂಡಿತ್ತು, ಪೆಡಲ್ ತುಳಿದರೂ ಬಿಡುತ್ತಿರಲಿಲ್ಲ. ಇಲಿ ಇಂಜೆಕ್ಟರ್ ವೈರು ಕಡಿದಿತ್ತು. ಟ್ಯಾಂಕಿನಲ್ಲಿ ಅರ್ಧ ಉಳಿದಿದ್ದ ಎಥನಾಲ್ ಬೆರೆತ ಪೆಟ್ರೋಲು ನೀರು ಎಳೆದುಕೊಂಡು ತಳದಲ್ಲಿ ಬೇರೆ ಪದರವಾಗಿತ್ತು. ಹ್ಯಾಂಡ್‌ಬ್ರೇಕ್ ಎಳೆಯದೆ ಚಕ್ರಕ್ಕೆ ಕಟ್ಟೆ ಕೊಡುವುದು, ಕ್ಲಚ್ ಪೆಡಲನ್ನು ಮರದ ತುಂಡಿನಿಂದ ಒತ್ತಿಡುವುದು, ಪೆಟ್ರೋಲು ಪೂರ್ತಿ ಬಸಿಯುವುದು, ಬ್ಯಾಟರಿ ಕಳಚುವುದು, ಹಾರ್ನೆಸ್ ಬಿಚ್ಚಿ ಮನೆಯೊಳಗೆ ತರುವುದು ಇವೆಲ್ಲ ಮಾಡಿದರೆ ಹಾನಿ ಕಡಿಮೆ. ಆದರೂ ರಸ್ತೆಗೆ ಇಳಿಯದ ಕಾರು ನಾಲ್ಕು ತಿಂಗಳು ಮಂಜಿನಲ್ಲಿ ನಿಂತರೆ ಹಾಳಾಗಿಯೇ ಆಗುತ್ತದೆ.

ಸಾಗಿಸುವುದೂ ಸುಲಭವಲ್ಲ. ಕೇಜ್ ಹಾಕಿದ ಕಾರನ್ನು ರಸ್ತೆಯಲ್ಲಿ ಓಡಿಸುವಂತಿಲ್ಲ, ಫ್ಲಾಟ್‌ಬೆಡ್ ಲಾರಿಯೇ ಬೇಕು. ಬಂಡೀಪುರದ ದಾರಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್, ದಿಂಬಂ ಘಾಟಿಯಲ್ಲೂ ರಾತ್ರಿ ನಿರ್ಬಂಧ ಇದೆ. ಮಳೆಗಾಲದಲ್ಲಿ ನಮ್ಮ ಜಿಲ್ಲೆಯಲ್ಲೇ ಭಾರಿ ವಾಹನಗಳಿಗೆ ನಿರ್ಬಂಧ ಹಾಕುತ್ತಾರೆ. ಒಂದು ದಿನದ ಟ್ರ್ಯಾಕಿಗೆ ಲಾರಿಯವರ ಮೂರು ದಿನದ ಬಾಡಿಗೆ ಕೊಡಬೇಕು.

ಹಾಗಾಗಿ ಕಾರನ್ನು ಕೊಯಮತ್ತೂರಿಗೇ ಸಾಗಿಸಿ ಟ್ರ್ಯಾಕಿನ ಹತ್ತಿರ ಶೆಡ್ ಬಾಡಿಗೆಗೆ ಹಿಡಿದೆವು. ಎಲ್ಲ ನಿರ್ಧಾರಗಳಲ್ಲಿ ಇದೇ ಸರಿಯಾದದ್ದು, ಒಂದು ವರ್ಷ ಮೊದಲೇ ಮಾಡಬೇಕಿತ್ತು. ಮಡಿಕೇರಿಯಲ್ಲಿ ವರ್ಷದ ಮಳೆ 3,000 ಮಿ.ಮೀ. ದಾಟುತ್ತದೆ, ಕೊಯಮತ್ತೂರಿನಲ್ಲಿ 600-700. ಘಟ್ಟದ ಮಳೆನೆರಳಿನ ಊರು ಅದು. ಡಿಸೆಂಬರಿನಿಂದ ಮಾರ್ಚ್ ತನಕ ಕಾಫಿ ಕೊಯ್ಲು, ತೋಟ ಬಿಟ್ಟು ಅಲುಗುವಂತಿಲ್ಲ. ನಮಗೆ ಪುರುಸೊತ್ತು ಸಿಗುವುದು ಜುಲೈ, ಆಗಸ್ಟಿನಲ್ಲಿ. ಇಲ್ಲಿ ಜಡಿಮಳೆ ಹೊಡೆಯುವ ಆ ದಿನಗಳಲ್ಲಿ ಅಲ್ಲಿ ಟ್ರ್ಯಾಕು ಬಹುತೇಕ ಒಣಗಿರುತ್ತದೆ. ಚೆನ್ನೈ ಕಡೆ ಅಕ್ಟೋಬರಿನಿಂದ ಡಿಸೆಂಬರ್ ಹಿಂಗಾರು ಮಳೆ, ಆ ತಿಂಗಳುಗಳನ್ನು ಬಿಟ್ಟು ಹೋಗಬೇಕು.

ರಸ್ತೆಯ ಸೆಡಾನ್ ಈಗ ಕಂಪನಿಯಿಂದ ಬಂದಂತೆಯೇ ಇದೆ. ಮೂರೇ ಬದಲಾವಣೆ: ನಡುವಿನ ದರ್ಜೆಯ ಪ್ಯಾಡು, ಮಳೆಗೆ ಒಗ್ಗುವ ಒಳ್ಳೆಯ ರಸ್ತೆ ಟಯರು, ಪ್ರತಿ ವರ್ಷ ಮಳೆ ನಿಂತ ಮೇಲೆ ಅಕ್ಟೋಬರಿನಲ್ಲಿ ಹೊಸ ಬ್ರೇಕ್ ಆಯಿಲ್. ಎತ್ತರ ಮುಟ್ಟಿಲ್ಲ. ವರ್ಷಕ್ಕೊಮ್ಮೆ ಅದನ್ನೂ ಚೆನ್ನೈಗೆ ಒಯ್ಯುತ್ತೇವೆ, 10 ನಿಮಿಷದ ಸೆಷನ್ ಮಾತ್ರ, ಕೊನೆಯ ಸುತ್ತು ಬ್ರೇಕ್ ಮುಟ್ಟದೆ ನಿಧಾನಕ್ಕೆ, ಪಿಟ್ಟಿಗೆ ಬಂದ ಮೇಲೆ ಹ್ಯಾಂಡ್‌ಬ್ರೇಕ್ ಎಳೆಯದೆ ಗೇರಿನಲ್ಲಿ ನಿಲ್ಲಿಸಿ.

ಹಾಗೆ ಹೋಗುವಾಗ ಗಾಳಿಯ ಒತ್ತಡದ ಒಂದು ಲೆಕ್ಕ ತಿಳಿದಿರಬೇಕು. ಮಡಿಕೇರಿ ಸುಮಾರು 1,150 ಮೀಟರ್ ಎತ್ತರದಲ್ಲಿದೆ, ಅಲ್ಲಿ ವಾತಾವರಣದ ಒತ್ತಡ 12.8 ಪಿಎಸ್‌ಐ, ಕಡಲ ಮಟ್ಟದಲ್ಲಿ 14.7. ಮಡಿಕೇರಿಯಲ್ಲಿ 20 ಡಿಗ್ರಿ ತಂಪಿನಲ್ಲಿ 30 ಪಿಎಸ್‌ಐ ತುಂಬಿದ ಟಯರು ಅದೇ ತಂಪಿನಲ್ಲಿ ಚೆನ್ನೈನಲ್ಲಿ 28 ತೋರಿಸಬೇಕು. ಆದರೆ ಅಲ್ಲಿ 35 ಡಿಗ್ರಿ ಸೆಕೆ, ಅದು ಎರಡು ಪಿಎಸ್‌ಐ ಮೇಲಕ್ಕೆ ತಳ್ಳಿ ಮತ್ತೆ 30ಕ್ಕೇ ತರುತ್ತದೆ. ಗೇಜು ಬದಲಾಗಲಿಲ್ಲ ಎಂದು ಹಾಗೇ ಟ್ರ್ಯಾಕಿಗೆ ಇಳಿದರೆ ಐದು ಸುತ್ತಿನೊಳಗೆ 37 ದಾಟುತ್ತದೆ, ಟಯರು ಉಬ್ಬಿ ಜಾರಲು ಶುರುವಾಗುತ್ತದೆ. ಆದ್ದರಿಂದ ಟ್ರ್ಯಾಕ್ ತಲುಪಿ, ನೆರಳಿನಲ್ಲಿ ಒಂದು ಗಂಟೆ ನಿಲ್ಲಿಸಿ, 27ಕ್ಕೆ ಇಳಿಸಿ ಹೊರಡುತ್ತೇವೆ. ಮೂರು ಸುತ್ತು ಮುಗಿಸಿ ಬಂದ ಕೂಡಲೇ ಬಿಸಿಯಲ್ಲೇ ಅಳೆದು 33-34ಕ್ಕೆ ಹೊಂದಿಸುತ್ತೇವೆ. ಪ್ರದಕ್ಷಿಣೆಯಾಗಿ ಸುತ್ತುವ ಟ್ರ್ಯಾಕಿನಲ್ಲಿ ಎಡಗಡೆಯ ಎರಡೂ ಹೆಚ್ಚು ಕಾಯುತ್ತವೆ, ಅವಕ್ಕೆ ಒಂದು ಪಿಎಸ್‌ಐ ಕಡಿಮೆಯಿಂದ ಶುರು ಮಾಡಬೇಕು. ವಾಪಸ್ ಬರುವ ಮುಂಚೆ ರಸ್ತೆಯ ಒತ್ತಡಕ್ಕೆ ಮರಳಿ ತುಂಬಿಸಿ, ಟಾರ್ಕ್ ವ್ರೆಂಚಿನಲ್ಲಿ ಚಕ್ರದ ಬೋಲ್ಟುಗಳನ್ನು ಕಂಪನಿ ಹೇಳಿದ ಬಿಗಿಗೆ ನೋಡಿಯೇ ಗೇಟು ದಾಟುವುದು.